ಗಾಡಿ ಮೂತಿಗೆ ಅಂಟಿದ ಹುಳ

20 ಅಕ್ಟೋಬರ್ 2024, ಭಾನುವಾರ
ಪರ್ವರಿ, ಗೋವಾ

ಬೆಳಗಿನ ಹೊತ್ತೆಲ್ಲ ಗಾಡಿ ಮೂತಿ ತೊಳೆಯುವುದರಲ್ಲೇ ಹೋಯಿತು. ಬೇಜಾರಿಲ್ಲ, ಆಗಲೇಬೇಕಾದ ಕೆಲಸ. ನಿನ್ನೆ ಮಧ್ಯಾಹ್ನ ಪುಣೆ ಬಿಟ್ಟವರು ಕೊಲ್ಲಾಪುರ, ನಿಪ್ಪಾಣಿ, ಆಜ್ರಾ ದಾಟಿ, ಅಂಬೋಲಿ ಘಾಟ್ ಇಳಿದು, ಸಾವಂತವಾಡಿ ಮೇಲೆ ಪತ್ರಾದೇವಿ ಚೆಕ್‌ಪೋಸ್ಟ್ ಮುಟ್ಟುವಾಗಲೇ ತಡರಾತ್ರಿ ಆಗಿತ್ತು. ಮೈದುನನ ಮನೆ ಮುಂದೆ ಗಾಡಿ ನಿಲ್ಲಿಸಿ ಹಾಗೇ ಮಲಗಿಬಿಟ್ಟೆವು. ಬೆಳಿಗ್ಗೆ ನೋಡಿದರೆ ಮುಂದಿನ ಬಿಳಿ ಬಣ್ಣ ಹುಡುಕಬೇಕು, ಅಷ್ಟು ಹುಳ.

ಕಾರಿಗೆ ಇಷ್ಟು ಬಡಿಯುವುದಿಲ್ಲ. ಕಾರಿನ ಬಾನೆಟ್ ಇಳಿಜಾರು, ಗಾಳಿ ಎಷ್ಟೋ ಹುಳವನ್ನು ಮೇಲಕ್ಕೆ ತಳ್ಳಿ ದಾಟಿಸಿಬಿಡುತ್ತದೆ. ನಮ್ಮದು ಟ್ರಾವೆಲರ್ ವ್ಯಾನ್ ಮೇಲೆ ಕಟ್ಟಿಸಿದ ಕ್ಯಾರವಾನ್, ಅಂದರೆ ಒಳಗೇ ಮಲಗುವ ಮನೆಗಾಡಿ. ಮೊದಲೇ ಮೋಟು ಮೂತಿ, ಅದರ ಮೇಲೆ ಮಲಗುವುದಕ್ಕೆ ಅಂತ ಮಾಡಿಸಿದ ಫೈಬರ್ ಗೂಡು ಬೇರೆ ಡ್ರೈವರ್ ತಲೆ ಮೇಲಿಂದ ಮುಂದಕ್ಕೆ ಚಾಚಿಕೊಂಡಿದೆ. ಗಾಳಿಗೆ ನೇರ ಎದೆ ಕೊಟ್ಟು ಹೋಗುವ ಗಾಡಿ. ಎದುರು ಬಂದದ್ದೆಲ್ಲ ಅಲ್ಲೇ ಅಂಟಿಕೊಳ್ಳುತ್ತದೆ.

ನೀರು ಹಾಕುವ ಮುಂಚೆ ಚಹಾ ಲೋಟ ಹಿಡಿದು ಹತ್ತಿರ ನಿಂತು ಒಂದು ಸಲ ಪೂರ್ತಿ ನೋಡಿದೆ. ಹೀಗೆ ನೋಡುವುದು ನನಗೆ ರೂಢಿ. ಮೇಲಿನ ಫೈಬರ್ ಗೂಡಿನಲ್ಲಿ ಪತಂಗಗಳು, ಅವುಗಳ ರೆಕ್ಕೆಯ ಬೂದುಬಣ್ಣದ ಪುಡಿ ಹಾಗೇ ಮೆತ್ತಿಕೊಂಡಿತ್ತು. ಗಾಜಿನ ಮೇಲೆ ಹಳದಿ ಮತ್ತು ತಿಳಿ ಹಸಿರು ಕಲೆ. ಹೆಡ್‌ಲೈಟ್ ಸುತ್ತ ಪುಟಾಣಿ ಹಸಿರು ಜಿಗಿಹುಳ, ಒಂದೊಂದೂ ಮೂರ್ನಾಲ್ಕು ಮಿಲಿಮೀಟರ್ ಇದ್ದರೆ ಹೆಚ್ಚು, ಲೆಕ್ಕಕ್ಕೇ ಸಿಗದಷ್ಟು. ಇವು ಆಜ್ರಾ ಕಡೆಯವೇ ಇರಬೇಕು. ಘನಸಾಳ್ ಅಕ್ಕಿಗೆ ಹೆಸರಾದ ಊರು ಅದು, ದಾರಿಯ ಎರಡೂ ಕಡೆ ಗದ್ದೆ, ಈಗ ಭತ್ತ ತೆನೆ ಬಿಟ್ಟಿರುವ ಕಾಲ. ದೀಪಾವಳಿ ಹತ್ತಿರ ಬಂದಾಗ ಮನೆಯ ಟ್ಯೂಬ್‌ಲೈಟಿಗೆ ಮುತ್ತಿಕೊಳ್ಳುವುದೂ ಈ ಜಿಗಿಹುಳಗಳೇ ಅಲ್ವಾ.

ಹುಳದ ರಕ್ತ ನಮ್ಮದರ ಹಾಗೆ ಕೆಂಪಲ್ಲ. ಹೆಚ್ಚಿನವಕ್ಕೆ ಬಣ್ಣವೇ ಇರುವುದಿಲ್ಲ, ಇದ್ದರೆ ಹಳದಿ ಅಥವಾ ಹಸಿರು. ನೊಣ ಬಡಿದಾಗ ಕಾಣುವ ಕೆಂಪು ಅದರ ಕಣ್ಣಿನ ಬಣ್ಣ. ಸೊಳ್ಳೆಯದಾದರೆ ಅದು ಬೇರೆ ಯಾರಿಂದಲೋ ಕುಡಿದು ಬಂದ ರಕ್ತ. ಮಗಳಿಗೆ ಇದನ್ನು ಹೇಳಿದ ಮೇಲೆ ಅವಳು ಇಡೀ ಗಾಜಿನಲ್ಲಿ ನೊಣ ಯಾವುದು ಅಂತ ಹುಡುಕುತ್ತಾ ನಿಂತಳು.

ಗ್ರಿಲ್ ಸಂದಿಯಲ್ಲಿ ಒಂದು ಏರೋಪ್ಲೇನ್ ಚಿಟ್ಟೆ ಸಿಕ್ಕಿಕೊಂಡಿತ್ತು. ಹಳದಿ ಮೈ, ರೆಕ್ಕೆ ಒಂದಿಷ್ಟೂ ಹರಿದಿರಲಿಲ್ಲ. ನಿಧಾನಕ್ಕೆ ಬಿಡಿಸಿ ಅಂಗೈ ಮೇಲೆ ಇಟ್ಟುಕೊಂಡೆ. ನೋಡಿದರೆ ಪಾಂಟಾಲಾ ಫ್ಲಾವೆಸೆನ್ಸ್ ಅನ್ನುವ ಜಾತಿಯದು. ಇವು ಅಕ್ಟೋಬರ್ ಹೊತ್ತಿಗೆ ಗುಂಪುಗುಂಪಾಗಿ ಮಾಲ್ಡೀವ್ಸ್‌ನಲ್ಲಿ ಕಾಣಿಸಿಕೊಳ್ಳುತ್ತವೆ. ಮೊಟ್ಟೆ ಇಡುವುದಕ್ಕೆ ಸಿಹಿನೀರೇ ಹೆಚ್ಚಿಲ್ಲದ ದ್ವೀಪಗಳಿಗೆ ಇವು ಯಾಕೆ ಬರುತ್ತವೆ ಅಂತ ಅಲ್ಲೇ ನೆಲೆಸಿದ್ದ ಚಾರ್ಲ್ಸ್ ಆಂಡರ್ಸನ್ ಅನ್ನುವ ಜೀವಶಾಸ್ತ್ರಜ್ಞರು ವರ್ಷಗಟ್ಟಲೆ ದಾಖಲೆ ಇಟ್ಟು, 2009ರಲ್ಲಿ ಪ್ರಕಟಿಸಿದರು. ಇವು ಭಾರತದಿಂದ ಹೊರಟು, ಹಿಂದೂ ಮಹಾಸಾಗರ ದಾಟಿ ಪೂರ್ವ ಆಫ್ರಿಕಾ ಕಡೆಗೆ ಹೋಗುತ್ತವೆ ಅನ್ನುವುದು ಅವರ ವಾದ. ಅಷ್ಟು ದೂರ ಹಾರುವ ಜೀವ ಅದು. ನನಗಂತೂ ತುಂಬಾ ನೋವಾಯಿತು. ಕ್ರೋಟನ್ ಗಿಡದ ಬುಡದಲ್ಲಿ ಇಟ್ಟು ಬಂದೆ.

ಆಮೇಲೆ ತೊಳೆಯುವ ಮಾತು ಬಂತು. ಇವರು, "ಡೀಸೆಲ್ ಅದ್ದಿದ ಅರಿವೆಯಲ್ಲಿ ಉಜ್ಜಿದರೆ ಐದು ನಿಮಿಷದ ಕೆಲಸ, ಡ್ರೈವರ್‌ಗಳೆಲ್ಲ ಹಾಗೇ ಮಾಡ್ತಾರೆ" ಅಂದರು. ಮಾಡುತ್ತಾರೆ, ನಿಜ. ಹುಳವೂ ಹೋಗುತ್ತದೆ. ಆದರೆ ಡೀಸೆಲ್ ಜೊತೆ ಮೇಲಿನ ವ್ಯಾಕ್ಸೂ ಹೋಗುತ್ತದೆ, ಗಾಜಿನ ಸುತ್ತಲಿನ ರಬ್ಬರ್ ಹಾಳಾಗುತ್ತದೆ, ಉಳಿದ ಜಿಡ್ಡಿಗೆ ಸಂಜೆಯೊಳಗೆ ಧೂಳು ಕೂರುತ್ತದೆ. ಥಿನ್ನರ್, ಪೆಟ್ರೋಲ್ ಅಂತೂ ಹೆಡ್‌ಲೈಟ್ ಹತ್ತಿರ ತರಲೇಬಾರದು. ಈಗಿನ ಹೆಡ್‌ಲೈಟ್ ಗಾಜಲ್ಲ, ಪಾಲಿಕಾರ್ಬೊನೇಟ್. ಸಣ್ಣ ಸಣ್ಣ ಬಿರುಕು ಬಿಟ್ಟು ಮಂಜಾಗಿಬಿಡುತ್ತದೆ. ನಾನು ಒಪ್ಪಲಿಲ್ಲ.

ಅಷ್ಟರಲ್ಲಿ ರಸ್ತೆ ಆಚೆಯ ವಾಷಿಂಗ್ ಸೆಂಟರಿನ ಹುಡುಗ ಗಾಡಿ ನೋಡುವುದಕ್ಕೆ ಅಂತ ಬಂದ. ಗದಗ ಕಡೆಯವನು. ಗೋವಾದಲ್ಲಿ ಇಂಥ ಕೆಲಸದಲ್ಲಿ ನಮ್ಮ ಉತ್ತರ ಕರ್ನಾಟಕದ ಹುಡುಗರು ಬೇಕಾದಷ್ಟು ಮಂದಿ. ನಂಬರ್ ಪ್ಲೇಟ್ ಮಹಾರಾಷ್ಟ್ರದ್ದು, ಒಳಗಿಂದ ಕನ್ನಡ ಕೇಳಿಸಿದ್ದೇ ಅವನ ಮುಖ ಅರಳಿತು.

"ಅಕ್ಕಾರ, ಬಿಸಲಾಗ ಕೈ ಹಚ್ಚಬ್ಯಾಡ್ರಿ. ಮೊದಲ ಗಾಡಿ ಆ ಮಾವಿನ ಗಿಡದ ನೆಳ್ಳಿಗೆ ಹಚ್ರಿ. ಒಣಾ ಅರಿವಿಲೆ ತಿಕ್ಕಿದ್ರಿ ಅಂದ್ರ ಗೀರು ಬೀಳ್ತಾವ. ನೆನೀಲಿ, ತಾನ ಬಿಡ್ತೈತಿ."

"ಪ್ರೆಷರ್ ಹೊಡೆದರೆ ಹೇಗಪ್ಪಾ ತಮ್ಮಾ?" ಅಂತ ಕೇಳಿದೆ.

"ನೆನೆದ ಮ್ಯಾಲ ದೂರಿಂದ ಹೊಡೀಬೌದ್ರಿ. ಜಾಳಿ ಒಳಗ ಮಾತ್ರ ಹೊಡೀಬ್ಯಾಡ್ರಿ, ರೇಡಿಯೇಟರ್ ಪತ್ತಿ ಮಡಚತಾವ."

ಪತ್ತಿ ಅಂದರೆ ರೇಡಿಯೇಟರಿನ ತೆಳು ತಗಡಿನ ಪಟ್ಟಿಗಳು. ಈ ಹುಡುಗನಿಗೆ ಕೆಲಸ ಗೊತ್ತು. ಅವನು ಹೇಳಿದ್ದೇ ಇಡೀ ವಿಷಯದ ಸಾರ. ಹುಳದ ಮೈಯೊಳಗೆ ಇರುವುದು ಪ್ರೋಟೀನ್. ಬಿಸಿ ತಗಡಿನ ಮೇಲೆ ಅದು ಕಾವಲಿ ಮೇಲಿನ ಮೊಟ್ಟೆಯ ಹಾಗೆ ಬೆಂದು ಹಿಡಿದುಕೊಳ್ಳುತ್ತದೆ. ಸುಮ್ನೆ ಬಿಟ್ಟರೆ ಕೊಳೆಯುತ್ತಾ ಆಮ್ಲ ಆಗಿ ಬಣ್ಣದ ಮೇಲಿನ ಕ್ಲಿಯರ್ ಕೋಟನ್ನು ತಿನ್ನುತ್ತದೆ. ಆ ಪದರ ಸಾಮಾನ್ಯವಾಗಿ 40-50 ಮೈಕ್ರಾನ್ ದಪ್ಪ ಇರುತ್ತದೆ, ನಮ್ಮ ಕೂದಲಿಗಿಂತ ತೆಳು. ಒಮ್ಮೆ ಗುಳಿ ಬಿದ್ದರೆ ತೊಳೆದು ಹೋಗುವುದಿಲ್ಲ, ಪಾಲಿಶ್ ಹೊಡೆಸಬೇಕು. ಗೋವಾ ಬಿಸಿಲಿನಲ್ಲಿ ಒಂದೆರಡು ದಿನ ಬಿಟ್ಟರೂ ಸಾಕು, ಕಲೆ ಕಾಯಂ. ರಾತ್ರಿ ತಡವಾಗಿ ಬಂದರೂ ಪರವಾಗಿಲ್ಲ, ಮರುದಿನ ಬಿಸಿಲು ಏರುವ ಮುಂಚೆ ತೊಳೆಯಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಗಾಡಿ ನೆರಳಿಗೆ ಹಾಕಿ, ತಗಡು ಕೈಗೆ ತಣ್ಣಗೆ ತಾಗುವವರೆಗೆ ಕಾದೆವು. ಇವರ ಹಳೆ ಪಂಚೆ ಎರಡು ಇಟ್ಟುಕೊಂಡಿದ್ದೇನೆ ಇದಕ್ಕೇ ಅಂತ. ಬಕೆಟಿನಲ್ಲಿ ಕಾರ್ ಶಾಂಪೂ ಸ್ವಲ್ಪ ಕಲಸಿ, ಪಂಚೆ ಅದ್ದಿ, ಹಿಂಡದೆ ಹಾಗೇ ಮೂತಿ ತುಂಬ ಹೊದಿಸಿದೆ. ಹತ್ತಿ ಬಟ್ಟೆ ನೀರು ಹಿಡಿದುಕೊಂಡು ಅಂಟಿ ಕೂರುತ್ತದೆ, ಇಳಿದು ಬೀಳುವುದಿಲ್ಲ. ಹದಿನೈದು ನಿಮಿಷ, ನಡುವೆ ಒಣಗಿದಲ್ಲಿ ಮಗ್ಗಿನಿಂದ ನೀರು. ಪಾತ್ರೆ ತೊಳೆಯುವ ಲಿಕ್ವಿಡ್ ಬೇಡ, ಅದು ವ್ಯಾಕ್ಸ್ ತೆಗೆದುಬಿಡುತ್ತದೆ. ಸ್ಕ್ರಬ್ಬರ್ ಅಂತೂ ಮುಟ್ಟಲೇಬೇಡಿ.

ಪಂಚೆ ತೆಗೆಯುವಾಗಲೇ ಅರ್ಧಕ್ಕರ್ಧ ಹುಳ ಅದರ ಜೊತೆ ಬಂತು. ಪಂಚೆಯ ಒಳಮೈ ಮೇಲೆ ಹಸಿರು, ಕಂದು, ಹಳದಿ ಚುಕ್ಕೆ, ರೆಕ್ಕೆ, ಕಾಲು. ಉಳಿದದ್ದಕ್ಕೆ ಮೈಕ್ರೋಫೈಬರ್ ಬಟ್ಟೆ. ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿಗೆ ಎಳೆಯಬೇಕು, ಗುಂಡಗೆ ತಿರುಗಿಸಬಾರದು. ಒಂದು ಎಳೆತಕ್ಕೆ ಬಟ್ಟೆಯ ಒಂದು ಮಗ್ಗುಲು, ಆಮೇಲೆ ಮಡಚಿ ಹೊಸ ಮಗ್ಗುಲು. ಹುಳದ ಚಿಪ್ಪು ಗಟ್ಟಿ ಇರುತ್ತದೆ, ಅದರ ಜೊತೆ ದಾರಿಯ ಮರಳು ಬೇರೆ. ಅದೇ ಕೊಳೆ ಬಟ್ಟೆಯಲ್ಲಿ ಉಜ್ಜಿದರೆ ಗೀರುವುದು ನಾವೇ. ಒಗೆಯುವುದಕ್ಕೆ ಬೇರೆ ಬಕೆಟ್. ಬಿಡದ ಜಾಗಕ್ಕೆ ಮತ್ತೆ ಒದ್ದೆ ಪಂಚೆ, ಮತ್ತೆ ಹತ್ತು ನಿಮಿಷ. ಮೇಲಿನ ಗೂಡಿಗೆ ಏಣಿ ಬೇಕಾಯಿತು, ಅದನ್ನು ಮೈದುನ ಮಾಡಿದ. "ಅತ್ತಿಗೆ, ಇದೇನು ಗಾಡಿಗೆ ಜ್ವರ ಬಂದಿದೆಯಾ, ಒದ್ದೆ ಬಟ್ಟೆ ಹಾಕ್ತೀರಿ" ಅಂತ ನಗುತ್ತಲೇ ಮಾಡಿದ. ಎಲ್ಲಕ್ಕೂ ಸೇರಿ ಮೂರು ಬಕೆಟ್ ನೀರು ಆಗಿರಬಹುದು. ಟ್ಯಾಂಕಿನ ನೀರು ಹೊತ್ತುಕೊಂಡೇ ತಿರುಗುವವರಿಗೆ ಇದು ಮುಖ್ಯ. ಪೈಪ್ ಹಿಡಿದರೆ ಎಷ್ಟು ಹರಿದು ಹೋಗುತ್ತದೆ ಅಂತ ಗೊತ್ತೇ ಆಗುವುದಿಲ್ಲ.

ಮುಂದಿನ ಗಾಜಿಗೆ ಸ್ವಲ್ಪ ಧೈರ್ಯ ಮಾಡಬಹುದು. ನೆನೆದ ಮೇಲೂ ಬಿಡದ ಕಲೆಗೆ ಹಳೆ ಪ್ಲಾಸ್ಟಿಕ್ ಕಾರ್ಡಿನ ಅಂಚು ಮಲಗಿಸಿ ತಳ್ಳಿದರೆ ಏಳುತ್ತದೆ. ದಾರಿಯಲ್ಲಿ ಹುಳ ಬಡಿದ ತಕ್ಷಣ ಒಣಗಿದ ಗಾಜಿನ ಮೇಲೆ ವೈಪರ್ ಹಾಕಬಾರದು. ಗಾಜು ಪೂರ್ತಿ ಮೆತ್ತಿಕೊಂಡು, ಎದುರು ಗಾಡಿಯ ಲೈಟ್ ಬಿದ್ದಾಗ ಏನೂ ಕಾಣುವುದಿಲ್ಲ, ಘಾಟ್‌ನಲ್ಲಿ ಅದು ಬಹಳ ಅಪಾಯ. ನಿನ್ನೆ ಅಂಬೋಲಿ ಇಳಿಯುವ ಮುಂಚೆ ಗಾಡಿ ನಿಲ್ಲಿಸಿ ಗಾಜು ಒರೆಸಿಯೇ ಇಳಿದದ್ದು. ವೈಪರ್ ರಬ್ಬರಿನ ಅಂಚನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಕಪ್ಪು ಜಿಡ್ಡು ಬಂತು.

ಗ್ರಿಲ್ ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಎಸಿಯ ಬಿಸಿ ಹೊರಹಾಕುವ ಕಂಡೆನ್ಸರ್ ಮೇಲೆ ಹುಳದ ಪದರವೇ ಇತ್ತು. ಇದನ್ನು ಜನ ನೋಡುವುದೇ ಇಲ್ಲ. ಅಲ್ಲಿ ಗಾಳಿ ಆಡದಿದ್ದರೆ ಎಸಿ ತಣ್ಣಗಾಗುವುದಿಲ್ಲ, ಅದರ ಹಿಂದಿನ ರೇಡಿಯೇಟರಿಗೂ ಗಾಳಿ ಸಾಲದೆ ಘಾಟ್ ಹತ್ತುವಾಗ ಎಂಜಿನ್ ಬಿಸಿ ಏರುತ್ತದೆ. ಎಂಜಿನ್ ತಣ್ಣಗಿರುವಾಗಲೇ ಮೆತ್ತನೆಯ ಬ್ರಷ್‌ನಿಂದ, ಪತ್ತಿ ಇರುವ ದಿಕ್ಕಿಗೇ ಎಳೆದು ತೆಗೆದೆ. ಆಮೇಲೆ ಮೆಲ್ಲಗೆ ಮಗ್ಗಿನ ನೀರು.

ಮಧ್ಯಾಹ್ನ ಅಪ್ಪನಿಗೆ ಫೋನ್ ಮಾಡಿದಾಗ ಇದೆಲ್ಲ ಹೇಳಿದೆ. ಅಪ್ಪ ಎಂಬತ್ತರ ದಶಕದಲ್ಲಿ ಹುಬ್ಬಳ್ಳಿ-ಪುಣೆ ಲೈನಿನಲ್ಲಿ ಲಾರಿ ಓಡಿಸುತ್ತಿದ್ದವರು. "ಇದೇನು ಹುಳ? ಆಗ ಕರಾಡಿನಲ್ಲಿ ಒಮ್ಮೆ, ಕಾಗಲ್‌ನಲ್ಲಿ ಒಮ್ಮೆ ಗಾಜು ಒರೆಸದೆ ಮುಂದೆ ಹೋಗೋದೇ ಆಗ್ತಿರಲಿಲ್ಲ" ಅಂದರು. ಹಳಬರ ಮಾತು ಅಂತ ತಳ್ಳಿಹಾಕುವ ಹಾಗಿಲ್ಲ. ಜರ್ಮನಿಯಲ್ಲಿ 1989ರಿಂದ 2016ರವರೆಗೆ 63 ಸಂರಕ್ಷಿತ ಜಾಗಗಳಲ್ಲಿ ಬಲೆ ಕಟ್ಟಿ, ಬಿದ್ದ ಹುಳ ತೂಗಿ ನೋಡಿದರು. ಹಾರುವ ಹುಳಗಳ ಒಟ್ಟು ತೂಕ 75 ಶೇಕಡಕ್ಕಿಂತ ಜಾಸ್ತಿ ಇಳಿದಿತ್ತು. 2017ರಲ್ಲಿ ಅದು ಪ್ರಕಟವಾಯಿತು. ಇಂಗ್ಲೆಂಡಿನಲ್ಲಂತೂ ಗಾಡಿಯವರೇ ಹೊರಡುವ ಮುಂಚೆ ನಂಬರ್ ಪ್ಲೇಟ್ ಒರೆಸಿಕೊಂಡು, ಊರು ಮುಟ್ಟಿದ ಮೇಲೆ ಅದರ ಮೇಲಿನ ಕಲೆ ಎಣಿಸುತ್ತಾರೆ. 2004ರಲ್ಲಿ ಎಣಿಸಿದ್ದಕ್ಕೆ ಹೋಲಿಸಿದರೆ 2021ರಲ್ಲಿ ಸಿಕ್ಕಿದ್ದು ಅರ್ಧಕ್ಕಿಂತ ಕಡಿಮೆ. ನಮ್ಮ ರಸ್ತೆಗಳಲ್ಲೂ ಯಾರಾದರೂ ಹೀಗೆ ಎಣಿಸಬೇಕು ಅಂತ ನನಗೆ ಬಹಳ ಆಸೆ. ಆಜ್ರಾದ ಗದ್ದೆ ಬದಿಯಲ್ಲಿ ಇನ್ನೂ ಇಷ್ಟು ಹುಳ ಇವೆ ಅನ್ನುವುದೇ ನನಗೆ ಸಮಾಧಾನ, ಅವುಗಳನ್ನು ಹೀಗೆ ಕೊಲ್ಲುವುದು ಮಾತ್ರ ಬೇಡ. ಅವು ದೀಪ ನೋಡಿ ಬರುತ್ತವೆ. ಕತ್ತಲಾದ ಮೇಲೆ ಓಡಿಸದಿದ್ದರೆ, ಓಡಿಸಿದರೂ ವೇಗ ಇಳಿಸಿದರೆ, ಎಷ್ಟೋ ಉಳಿಯುತ್ತವೆ.

ಸಂಜೆ ಮೂತಿ ಪೂರ್ತಿ ಒಣಗಿದ ಮೇಲೆ ವ್ಯಾಕ್ಸ್ ಹಚ್ಚಿದೆವು, ಮೇಲಿನ ಗೂಡಿಗೂ. ಮುಂದಿನ ಸಲ ಹುಳ ಬೇಗ ಬಿಡುತ್ತದೆ. ನಾಳೆಯಿಂದ ಮಾಂದ್ರೆ, ಮೋರ್ಜಿ ಕಡೆ ಸಮುದ್ರದ ಹತ್ತಿರವೇ ನಿಲ್ಲಿಸುವುದು, ಉಪ್ಪುಗಾಳಿಗೂ ಅದು ಬೇಕು. ಕಲ್ಲು ಸಿಡಿದು ಬಣ್ಣ ಹೋದ ಜಾಗದಲ್ಲಿ ಉಪ್ಪು ಕೂತರೆ ತುಕ್ಕು ಬೇಗ ಹಿಡಿಯುತ್ತದೆ. ಅಲ್ಲಿನ ಬಾವಿ ನೀರಿನಲ್ಲಿ ತೊಳೆದರೆ ಒಣಗುವ ಮುಂಚೆ ಒರೆಸಿಬಿಡಬೇಕು, ಇಲ್ಲದಿದ್ದರೆ ಬಿಳಿ ಕಲೆ ನಿಲ್ಲುತ್ತದೆ.

ಗಲ್ಲಿ ಮೂಲೆಯಲ್ಲಿ ಹುಡುಗರು ದೀಪಾವಳಿಗೆ ಸುಡುವ ನರಕಾಸುರನ ಬೊಂಬೆಯ ಹಂದರ ಕಟ್ಟುತ್ತಿದ್ದಾರೆ, ಬಿದಿರು ಮತ್ತು ಹುಲ್ಲು ರಾಶಿ ಬಿದ್ದಿದೆ. ಮಗಳು ಅಲ್ಲೇ ಇದ್ದಾಳೆ, ಅದು ಸುಡುವುದನ್ನು ನೋಡಿಕೊಂಡೇ ಹೋಗೋಣ ಅಂತ ಹಟ. ಅದು ಆಗುವುದಿಲ್ಲ, ಗುರುವಾರ ಬೆಳಗಾವಿಯಲ್ಲಿ ಇರಬೇಕು. ಚೋರ್ಲಾ ಘಾಟ್ ಮೇಲೆ ಹೋಗುವುದು. ಬೆಳಿಗ್ಗೆ ಏಳಕ್ಕೇ ಹೊರಡಬೇಕು ಅಂತ ಇವರಿಗೆ ಹೇಳಿ ಒಪ್ಪಿಸಿದ್ದೇನೆ, ಹೊತ್ತು ಮುಳುಗುವ ಮುಂಚೆ ಊರು ಸೇರಬಹುದು. ಗ್ರಿಲ್ ಹಿಂದೆ ಹಾಕುವುದಕ್ಕೆ ಸೊಳ್ಳೆ ಪರದೆಯ ಜಾಳಿಗಿಂತ ಸ್ವಲ್ಪ ದೊಡ್ಡ ಕಣ್ಣಿನದು ಬೇಕು, ಗಾಳಿ ತಡೆಯಬಾರದು. ಅದನ್ನು ಮಾಪುಸಾದಲ್ಲಿ ಹುಡುಕುತ್ತೇನೆ ಅಂತ ಮೈದುನ ಹೇಳಿದ್ದಾನೆ.