ಫ್ಲಾರೆನ್ಸ್‌ಗೆ ಹೋದರೆ ಉಫಿಜಿ ಕೊನೆಗಿರಲಿ

ರೆನೆಸಾನ್ಸ್, ಅಂದರೆ 14ರಿಂದ 16ನೇ ಶತಮಾನದ ಯುರೋಪಿನ ನವೋದಯ ಕಾಲದ ಕಲೆ ನೋಡಲೆಂದು ಇಟಲಿಯ ಫ್ಲಾರೆನ್ಸ್‌ಗೆ ಹೋಗುವವರು ಬಹಳ ಮಂದಿ ಮೊದಲ ದಿನವೇ ಉಫಿಜಿ ಮ್ಯೂಸಿಯಂಗೆ ಓಡುತ್ತಾರೆ. ನಾನೂ ಅಮ್ಮನೂ ಅದನ್ನು ಮೂರನೇ ದಿನಕ್ಕೆ ಇಟ್ಟುಕೊಂಡೆವು. ನೀವೂ ಹಾಗೇ ಮಾಡಿ. ಒಂದು ಚಿತ್ರವನ್ನು ಯಾರು, ಯಾತಕ್ಕೆ, ಯಾರ ದುಡ್ಡಿನಲ್ಲಿ ಮಾಡಿಸಿದರು ಅನ್ನುವುದು ಅದು ಹುಟ್ಟಿದ ಜಾಗದಲ್ಲಿ ನೋಡಿದಾಗಲೇ ಮನಸ್ಸಿಗೆ ಹತ್ತುವುದು.

ರೋಮ್‌ನಿಂದ ವೇಗದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ನಿಲ್ದಾಣದ ಹತ್ತಿರವೇ ಸಾಂತಾ ಮರಿಯಾ ನೊವೆಲ್ಲಾ ಚರ್ಚು. ಒಳಗೆ ಎಡಗೋಡೆಯ ಮೇಲೆ ಚಿತ್ರಕಾರ ಮಸಾಚೊ 1427ರ ಸುಮಾರಿಗೆ ಬರೆದ 'ಟ್ರಿನಿಟಿ' ಇದೆ, ತಂದೆ, ಮಗ, ಪವಿತ್ರಾತ್ಮ ಎಂಬ ತ್ರಯೇಕ ದೇವರ ಚಿತ್ರ. ತುಸು ಹಿಂದೆ ಸರಿದು ನಿಲ್ಲಿ. ಸಪಾಟು ಗೋಡೆ ಆಳವಾದ ಕಮಾನು ಕೋಣೆಯಾಗುತ್ತದೆ. ನೋಡುವವನ ಕಣ್ಣಿನ ಮಟ್ಟ ಹಿಡಿದು ಲೆಕ್ಕ ಹಾಕಿ ಬರೆದ ಆಳ ಅದು. ಹಣ ಕೊಟ್ಟವರು ಆಚೀಚೆ ಮಂಡಿಯೂರಿದ್ದಾರೆ, ದೇವರಷ್ಟೇ ದೊಡ್ಡ ಆಕಾರದಲ್ಲಿ. ಕೆಳಗೊಂದು ಅಸ್ಥಿಪಂಜರ.

ಅಲ್ಲಿಂದ ಹತ್ತು ನಿಮಿಷ ನಡೆದರೆ ಸಾಂತಾ ತ್ರಿನಿತಾ ಚರ್ಚು. ನನಗೆ ಇಡೀ ಊರಿನಲ್ಲಿ ಹೆಚ್ಚು ಹಿಡಿಸಿದ್ದು ಇಲ್ಲಿನ ಸಸೆಟ್ಟಿ ಪೂಜಾಕೋಣೆ. ಫ್ರಾಂಚೆಸ್ಕೊ ಸಸೆಟ್ಟಿ, ಊರಿನ ಆಡಳಿತ ಕೈಯಲ್ಲಿಟ್ಟುಕೊಂಡಿದ್ದ ಮೆಡಿಚಿ ಮನೆತನದ ಬ್ಯಾಂಕ್ ನಡೆಸುತ್ತಿದ್ದವನು. ಬಡ್ಡಿ ತೆಗೆದುಕೊಳ್ಳುವುದು ಆಗ ಚರ್ಚಿನ ಕಣ್ಣಲ್ಲಿ ಪಾಪ. ಅವನು ಚಿತ್ರಕಾರ ಗಿರ್ಲಾಂಡಾಯೊನಿಂದ ಬರೆಸಿದ್ದು ಸಂಪತ್ತೆಲ್ಲ ಬಿಟ್ಟು ಹೊರಟ ಸಂತ ಫ್ರಾನ್ಸಿಸ್‌ನ ಕಥೆಯನ್ನು. ಆ ಕಥೆಯಲ್ಲಿ ರೋಮ್‌ನಲ್ಲಿ ನಡೆದ ಪ್ರಸಂಗವೊಂದು ಫ್ಲಾರೆನ್ಸ್‌ನ ಚೌಕದಲ್ಲಿ ನಡೆದಂತಿದೆ. ಪಕ್ಕದಲ್ಲೇ ಸಸೆಟ್ಟಿ ತನ್ನ ಧಣಿ ಲೊರೆಂಜೊ ಮೆಡಿಚಿಯ ಜೊತೆ ನಿಂತಿದ್ದಾನೆ. ಕೆಳಗೆ 1485ರ ಚಿತ್ರದಲ್ಲಿ ಶಿಶು ಯೇಸುವಿನ ಹಿಂದಿರುವ ಗೋದಲಿಯೇ ಹಳೆಯ ರೋಮನ್ನರ ಕಲ್ಲಿನ ಶವಪೆಟ್ಟಿಗೆ. ಪ್ರಾಚೀನ ರೋಮ್‌ನ ಮೇಲೆ ಆ ಕಾಲದವರಿಗಿದ್ದ ಮೋಹ ಅಷ್ಟು. ಅಮ್ಮ ಬಹಳ ಹೊತ್ತು ನೋಡಿ, "ಪಾಪಭಯವೂ ಇದೆ, ಪ್ರತಿಷ್ಠೆಯೂ ಇದೆ ಕಣೇ" ಅಂದರು. ನಾನು ಓದಿಕೊಂಡು ಹೋಗಿದ್ದೆಲ್ಲ ಆ ಒಂದು ಮಾತಿನಲ್ಲಿತ್ತು.

ಅಲ್ಲಿ ನಾಣ್ಯ ಹಾಕಿದರೇ ದೀಪ ಹತ್ತುವುದು, ಸ್ವಲ್ಪ ಹೊತ್ತಿಗೆ ಆರುತ್ತದೆ. ಚಿಲ್ಲರೆ ಜೇಬಲ್ಲಿರಲಿ. ಮಧ್ಯಾಹ್ನ ಹಲವು ಚರ್ಚುಗಳು ಬಾಗಿಲು ಹಾಕುತ್ತವೆ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಬೇಕು. ಸಸ್ಯಾಹಾರಿಗಳಿಗೆ ರಿಬೊಲ್ಲಿತಾ ಅನ್ನುವ ಹುರುಳಿಕಾಯಿ ಬೀಜ, ಸೊಪ್ಪು, ಬ್ರೆಡ್ಡಿನ ಸಾರು ಹೊಟ್ಟೆ ತುಂಬಿಸುತ್ತದೆ, ಆದರೆ ಮಾಂಸದ ರಸ ಹಾಕಿದ್ದಾರೆಯೇ ಎಂದು ಮೊದಲೇ ಕೇಳಿ.

ಎರಡನೇ ದಿನ ಓರ್ಸಾನ್‌ಮಿಕೇಲೆ ಚರ್ಚು. ಹಿಂದೆ ಧಾನ್ಯದ ಮಾರುಕಟ್ಟೆ. ಊರಿನ ಕಸುಬುದಾರರ ಸಂಘಗಳು ಹೊರಗೋಡೆಯ ಗೂಡುಗಳಲ್ಲಿ ತಂತಮ್ಮ ಸಂತರನ್ನು ನಿಲ್ಲಿಸಿದವು. ಕಲ್ಲು, ಮರದ ಕೆಲಸದವರ ಗೂಡು ಹುಡುಕಿ. ನಾಲ್ವರು ಸಂತರ ಕಾಲಡಿ ಕೆಲಸಗಾರರೇ ಉಳಿ ಹಿಡಿದು ಕೆತ್ತುತ್ತಿದ್ದಾರೆ. ದುಡಿಮೆಗೆ ಸಂತರ ಗೂಡಿನಲ್ಲೇ ಜಾಗ ಕೊಟ್ಟ ಊರಿದು. ಹೊರಗಿರುವುದು ಪ್ರತಿಗಳು.

ಮೈಕೆಲೇಂಜೆಲೊ ಕೆತ್ತಿದ 'ಡೇವಿಡ್' ಶಿಲ್ಪ ಇರುವ ಅಕಾದೆಮಿಯಾ ಮ್ಯೂಸಿಯಂಗೆ ಟಿಕೆಟ್ ಮೊದಲೇ ಮಾಡಿಸಿ. ಸೋಮವಾರ ಅದಕ್ಕೂ ಉಫಿಜಿಗೂ ರಜೆ. ಅಕಾದೆಮಿಯಾಗೆ ಹೋಗುವ ಮುಂಚೆ ಪಲಾಜೊ ವೆಕ್ಯೊ ಬಾಗಿಲ ಪಕ್ಕದ ಪ್ರತಿಯನ್ನು ನೋಡಿಕೊಳ್ಳಿ. ಮೆಡಿಚಿಗಳನ್ನು 1494ರಲ್ಲಿ ಓಡಿಸಿದ ಗಣರಾಜ್ಯ 1504ರಲ್ಲಿ ಮೂಲ ಶಿಲ್ಪವನ್ನು ನಿಲ್ಲಿಸಿದ್ದು ಅಲ್ಲೇ, ಆಡಳಿತ ಭವನದ ಎದುರು. 1873ರವರೆಗೂ ಅದು ಬಿಸಿಲು ಮಳೆಯಲ್ಲಿ ಅಲ್ಲೇ ಇತ್ತು.

ಅಕಾದೆಮಿಯಾದಿಂದ ಕೆಲವೇ ನಿಮಿಷ ನಡೆದರೆ ಅನಾಥ ಶಿಶುಗಳ ಆಸ್ಪತ್ರೆ, ಓಸ್ಪೆದಾಲೆ ದೆಲಿ ಇನ್ನೊಚೆಂತಿ. ರೇಷ್ಮೆ ವ್ಯಾಪಾರಿಗಳ ಸಂಘದ ಹಣದಲ್ಲಿ ಬ್ರುನೆಲೆಸ್ಕಿ 1419ರಲ್ಲಿ ಕಟ್ಟಲು ತೊಡಗಿದ ಇದಕ್ಕೆ ಮೊದಲ ಮಗು ಬಂದದ್ದು 1445ರಲ್ಲಿ. ಕಂಬಗಳ ಮೇಲಿನ ನೀಲಿ ಬಿಲ್ಲೆಗಳಲ್ಲಿ ಆಂದ್ರೆಯಾ ದೆಲ್ಲಾ ರೊಬ್ಬಿಯಾ ಮಾಡಿದ, ಬಟ್ಟೆ ಸುತ್ತಿದ ಕೂಸುಗಳು. "ಒಂದೊಂದರ ಮುಖ ಒಂದೊಂದು ಥರ ಇದೆ ನೋಡು" ಅಂದರು ಅಮ್ಮ. ಅಪ್ಪ-ಅಮ್ಮ ಯಾರೆಂದು ತಿಳಿಯದ ಮಕ್ಕಳಿಗೂ ಅವರವರದೇ ಮುಖ ಕೊಟ್ಟಿದ್ದಾನೆ ಶಿಲ್ಪಿ.

ಒಳಗಿನ ಮ್ಯೂಸಿಯಂನಲ್ಲಿ ಸಣ್ಣ ಸಣ್ಣ ಖಾನೆಗಳಿವೆ. ಮುಂದೊಂದು ದಿನ ಗುರುತು ಹಿಡಿಯಲೆಂದು ತಾಯಂದಿರು ಕೂಸಿನ ಜೊತೆ ಬಿಟ್ಟುಹೋದ ಅರ್ಧ ಪದಕಗಳು ಅವುಗಳಲ್ಲಿವೆ. ಇವು ಬಹಳ ಈಚಿನವು, 19ನೇ ಶತಮಾನದವು. ಇಲ್ಲಿಗೆ ಎರಡು ಗಂಟೆಯಾದರೂ ಇಟ್ಟುಕೊಳ್ಳಿ. ನಾವು ಒಂದೇ ಗಂಟೆ ಇಟ್ಟುಕೊಂಡಿದ್ದೆವು. ಅಮ್ಮ ಆ ಖಾನೆಗಳ ಮುಂದಿನಿಂದ ಕದಲಲಿಲ್ಲ.