"ಶುಗರ್ ಇಲ್ರಿ, ಈಗ ನಾರ್ಮಲ್ ಐತ್ರಿ"

ಎಪ್ಪತ್ತು ದಾಟಿದ ಪೇಷಂಟ್ ನಮ್ಮ ಕ್ಯಾನ್ಸರ್ ಡೇಕೇರ್‌ಗೆ (ಕೀಮೋ ತಗೊಂಡು ಅವತ್ತೇ ಮನೆಗೆ ಹೋಗುವ ವಾರ್ಡ್) ಬಂದರೆ ಜೊತೆಗೆ ಮಗನೋ ಅಳಿಯನೋ ಇದ್ದೇ ಇರುತ್ತಾನೆ. ಮಾತೆಲ್ಲ ಅವನದೇ. "ಅಜ್ಜಾರ, ಊಟ ಹೋಗ್ತೈತೇನ್ರಿ?" ಅಂತ ಕೇಳಿದರೆ ಅಜ್ಜ ಬಾಯಿ ತೆರೆಯುವಷ್ಟರಲ್ಲಿ ಮಗ "ಹೋಗ್ತೈತ್ರಿ, ಆರಾಮ ಅದಾರ್ರಿ" ಅಂದಿರುತ್ತಾನೆ. ಪಾಪ, ಆರಾಮ ಇಲ್ಲ ಅಂದರೆ ಇವತ್ತಿನ ಕೀಮೋ ಮುಂದಕ್ಕೆ ಹಾಕುತ್ತಾರೆ, ಮತ್ತೆ ಬಸ್ಸು, ಮತ್ತೆ ಕೂಲಿ ತಪ್ಪುತ್ತೆ ಅನ್ನೋ ಲೆಕ್ಕ ಅವನದು. ನಮಗೂ ಅದೇ ಅನುಕೂಲ. ಹೊರಗೆ ಕುರ್ಚಿಗಾಗಿ ಕಾಯುವವರು, ಮೇಲಿನಿಂದ "ಸಿಸ್ಟರ್, ಟಿಎಟಿ ಯಾಕೆ ಹೆಚ್ಚಾಗಿದೆ" ಅಂತ ಫೋನು. ಟಿಎಟಿ ಅಂದರೆ ಒಬ್ಬ ಪೇಷಂಟ್ ಬಂದು ಮುಗಿಸಿ ಹೋಗಲು ಹಿಡಿಯುವ ಸಮಯ. ಬೇಗ ಉತ್ತರ ಕೊಡುವವನ ಮಾತನ್ನೇ ಬರೆದುಕೊಂಡು ಮುಂದಕ್ಕೆ ಹೋಗುತ್ತೇವೆ.

ಅಂಥ ಒಬ್ಬ ಅಜ್ಜ. ವಯಸ್ಸು 76. ಅನ್ನನಾಳದ ಕ್ಯಾನ್ಸರ್. ಕರೆಂಟ್ (ರೇಡಿಯೇಷನ್) ಜೊತೆಗೆ ವಾರಕ್ಕೊಮ್ಮೆ ಪ್ಯಾಕ್ಲಿ-ಕಾರ್ಬೋ, ಅಂದರೆ ಪ್ಯಾಕ್ಲಿಟ್ಯಾಕ್ಸೆಲ್, ಕಾರ್ಬೋಪ್ಲಾಟಿನ್ ಅನ್ನೋ ಎರಡು ಕೀಮೋ ಔಷಧಿ. ಫೈಲ್‌ನಲ್ಲಿ ಇಸಿಒಜಿ 1 (ಓಡಾಡಿಕೊಂಡು ಹಗುರ ಕೆಲಸ ಮಾಡಬಲ್ಲರು ಅನ್ನೋ ಅಂಕ), ಶುಗರ್ ಇಲ್ಲ, ಬಿಪಿ ಇಲ್ಲ. ನಮ್ಮ ಸಾಫ್ಟ್‌ವೇರ್‌ನ ದೊಡ್ಡ ಗುಣ ಏನೆಂದರೆ ಹಿಂದಿನ ವಿಸಿಟ್‌ನದ್ದನ್ನೆಲ್ಲ ತಾನೇ ತುಂಬಿಕೊಳ್ಳುತ್ತೆ. ಒಬ್ಬರು ಒಂದು ಸಲ ಇಸಿಒಜಿ 1 ಅಂತ ಹಾಕಿದರೆ ಪೇಷಂಟ್ ಸ್ಟ್ರೆಚರ್ ಮೇಲೆ ಬಂದರೂ 1 ಆಗಿಯೇ ಇರುತ್ತಾರೆ.

ಅವತ್ತು ಪ್ರೀಮೆಡ್ (ಕೀಮೋಗೆ ಅಲರ್ಜಿಯಂಥ ರಿಯಾಕ್ಷನ್ ಆಗದಿರಲಿ ಅಂತ ಮೊದಲೇ ಕೊಡುವ ಔಷಧಿ) ಕೊಟ್ಟಿದ್ದು ನಾನೇ. ಡೆಕ್ಸಾ, ಅವಿಲ್, ಫ್ಯಾಮೋಟಿಡಿನ್. ಸ್ವಲ್ಪ ಹೊತ್ತಿಗೆ ಅಜ್ಜ ತೂಕಡಿಸತೊಡಗಿದರು. ಅವಿಲ್ ಕೊಟ್ಟರೆ ಎಲ್ಲರೂ ತೂಕಡಿಸುತ್ತಾರೆ, ವಯಸ್ಸಾದವರು ಇನ್ನೂ ಜಾಸ್ತಿ, ಹಾಗಾಗಿ ತಲೆದಿಂಬು ಸರಿಮಾಡಿ ಪ್ಯಾಕ್ಲಿ ಹಚ್ಚಿದೆ. ಪಕ್ಕದ ಕುರ್ಚಿಯ ಅಕ್ಕ ಕರೆದರು: "ಸಿಸ್ಟರ್, ಅಜ್ಜಾರು ಏನೇನೋ ಮಾತಾಡಾಕತ್ತಾರ್ರಿ." ಹೋಗಿ ನೋಡಿದರೆ ಅಂಗಿಯ ಕಾಲರ್ ಹಿಂಡುವಷ್ಟು ಒದ್ದೆ. ನನ್ನ ಮುಖ ನೋಡಿ, "ಎತ್ತು ಕಟ್ಟೀಯೇನ?" ಅಂದರು. ಪಲ್ಸ್ 118.

ಪ್ಯಾಕ್ಲಿ ಶುರುವಾದ ಮೊದಲ ಹತ್ತು ನಿಮಿಷದಲ್ಲಿ ಬೆವರು, ಪಲ್ಸ್ ಏರಿಕೆ, ಗಾಬರಿ ಕಂಡರೆ ಡೇಕೇರ್ ಸಿಸ್ಟರ್ ಬಾಯಲ್ಲಿ ಬರೋದು ಒಂದೇ ಮಾತು. ನಾನೂ "ರಿಯಾಕ್ಷನ್!" ಅಂತಲೇ ಕೂಗಿದೆ. ಡ್ರಿಪ್ ನಿಲ್ಲಿಸಿ, ಸೆಟ್ ಬದಲಿಸಿ ಎನ್‌ಎಸ್ (ಸಲೈನ್) ಹಾಕಿ, ಆಕ್ಸಿಜನ್ ಇಟ್ಟು, ಎಮರ್ಜೆನ್ಸಿ ಟ್ರೇ ಎಳೆದುಕೊಂಡೆ. ಬಿಪಿ 142/84. ಸ್ಯಾಚುರೇಷನ್ 97. ರಿಯಾಕ್ಷನ್ ಆದವರ ಮುಖ ಕೆಂಪಾಗುತ್ತೆ, ಎದೆ ಬಿಗಿಯುತ್ತೆ, ಬೆನ್ನು ನೋಯುತ್ತೆ ಅಂತಾರೆ, ಬಿಪಿ ಬೀಳುತ್ತೆ. ಈ ಅಜ್ಜನ ಮುಖ ಬಿಳಿಚಿಕೊಂಡಿತ್ತು, ಕೈ ತಣ್ಣಗಿತ್ತು, ಉಸಿರಾಟ ಸಲೀಸಾಗಿತ್ತು. ಇಷ್ಟೆಲ್ಲ ಕಣ್ಣಿಗೆ ಕಾಣುತ್ತಿತ್ತು, ಆದರೂ ನಾನು ರಿಯಾಕ್ಷನ್‌ಗೆ ಕೊಡುವ ಹೈಡ್ರೋಕಾರ್ಟ್ ವಯಲ್‌ಗೆ ನೀರು ತುಂಬುತ್ತಿದ್ದೆ. ತಲೆಯಲ್ಲಿ ಒಂದು ಸಲ ರಿಯಾಕ್ಷನ್ ಅಂತ ಕೂತ ಮೇಲೆ ಮಾನಿಟರ್ ಏನು ಹೇಳಿದರೂ ಕಿವಿಗೆ ಬೀಳಲ್ಲ. ಡಾಕ್ಟರ್ ಒಪಿಡಿಯಿಂದ ಓಡಿ ಬರುತ್ತಿದ್ದರು. ಮಗ ಬಾಗಿಲಲ್ಲಿ ನಿಂತು "ಅಪ್ಪಾ, ಅಪ್ಪಾ" ಅನ್ನುತ್ತಿದ್ದ.

ಯಾರೂ ಹೇಳದೆ ಬೆರಳು ಚುಚ್ಚಿ ನೋಡಿದವಳು ಹೊಸದಾಗಿ ಸೇರಿದ ಹುಡುಗಿ. ಜಿಆರ್‌ಬಿಎಸ್, ಅಂದರೆ ಆ ಹೊತ್ತಿನ ರಕ್ತದ ಶುಗರ್, 38. ತೀರಾ ಕಮ್ಮಿ.

25% ಡೆಕ್ಸ್‌ಟ್ರೋಸ್ (ಗ್ಲೂಕೋಸ್) 100 ಎಂಎಲ್. ಬಾಟಲಿ ಅರ್ಧ ಆಗುವಷ್ಟರಲ್ಲಿ ಅಜ್ಜ ಕಣ್ಣುಬಿಟ್ಟು ಸುತ್ತ ನೆರೆದವರನ್ನು ನೋಡಿ, "ಚಾ ಸಿಗ್ತೈತೇನ್ರಿ?" ಅಂದರು.

ಆ ಹುಡುಗಿಗೆ ಹಿಂದೊಮ್ಮೆ ನಾನೇ, ಶುಗರ್ ಇಲ್ಲದವರಿಗೆಲ್ಲ ಶುಗರ್ ನೋಡುವ ಸ್ಟ್ರಿಪ್ ಹಾಳುಮಾಡಬೇಡ ಅಂದಿದ್ದೆ. ಸ್ಟೋರ್‌ನವರು ಸ್ಟ್ರಿಪ್ ಎಣಿಸಿ ಕೊಡುತ್ತಾರೆ, ಲೆಕ್ಕ ತಪ್ಪಿದರೆ ಕಾಗದ ಬರೆಯಬೇಕು. ಪುಣ್ಯ, ಅವಳು ಮಾತು ಕೇಳುವ ಪೈಕಿ ಅಲ್ಲ.

ಮಗನನ್ನು ಕೂರಿಸಿ ಕೇಳಿದೆವು. ಶುಗರ್ ಇದೆಯೇನಪ್ಪಾ? "ಇಲ್ರಿ. ಮೊದಲ ಇತ್ರಿ. ಗುಳಿಗಿ ತಗೋತಾರಲ್ರಿ, ಈಗ ನಾರ್ಮಲ್ ಐತ್ರಿ." ಅವನ ಪ್ರಕಾರ ಇದರಲ್ಲಿ ಸುಳ್ಳೇನೂ ಇಲ್ಲ. ಮೂರು ದಿನದ ಹಿಂದಿನ ರಿಪೋರ್ಟ್‌ನಲ್ಲೂ ಶುಗರ್ ಚೆನ್ನಾಗಿಯೇ ಇತ್ತು. ಕೀಮೋಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು ಅಂತ ಯಾರೋ ಹೇಳಿದ್ದರಂತೆ. ಬೆಳಗಿನ ಜಾವ ಗುಳಿಗೆ ಮಾತ್ರ ಕೊಟ್ಟು ಬಸ್ ಹತ್ತಿಸಿದ್ದಾರೆ.

ಗುಳಿಗೆಯ ಕವರು ಅವನ ಕೈಚೀಲದಲ್ಲೇ ಇತ್ತು. ಟ್ರೇ ಮೇಲೆ ಸುರಿದೆವು. ಶುಗರ್ ಇಳಿಸುವ ಗ್ಲಿಮೆಪಿರೈಡ್ ಹಸಿರು ಗುಳಿಗೆ ಒಂದು ಸ್ಟ್ರಿಪ್. ಬೇರೆ ಕಂಪನಿಯ, ಗ್ಲಿಮೆಪಿರೈಡ್‌ಗೆ ಮೆಟ್‌ಫಾರ್ಮಿನ್ ಎಸ್‌ಆರ್ ಸೇರಿದ ಬಿಳಿ ಗುಳಿಗೆ ಇನ್ನೊಂದು ಸ್ಟ್ರಿಪ್. ಮೊಣಕಾಲು ನೋವಿಗೆ ಮೆಡಿಕಲ್‌ನಲ್ಲಿ ಕೇಳಿ ತಂದ ಡೈಕ್ಲೋಫೆನಾಕ್. ರಾತ್ರಿ ನಿದ್ದೆಗೆ ಆಲ್‌ಪ್ರಜೋಲಾಮ್. ನಮ್ಮ ಫೈಲ್‌ನಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ.

ಯಾವಾಗ ಯಾವುದು ಕೊಡ್ತೀರಿ ಅಂದರೆ ಮಗನಿಗೆ ಗೊತ್ತಿಲ್ಲ. "ಅವ್ವ ಕೊಡ್ತಾಳ್ರಿ." ಅವ್ವ ಊರಲ್ಲಿ. ಫೋನ್ ಹಚ್ಚಿಸಿದೆ. "ಹಸರದು ಮುಂಜಾನಿದ್ದು, ಮೊದಲಿನ ಡಾಕ್ಟರು ಕೊಟ್ಟಿದ್ದು. ಬಿಳೇದು ಹೊಸಾ ಡಾಕ್ಟರು ಕೊಟ್ಟಿದ್ದು, ಅದೂ ಮುಂಜಾನಿದ್ದ. ಬಣ್ಣಾನ ಬ್ಯಾರೆ ಅದಾವಲ್ರಿ, ಅದಕ್ಕ ಎರಡೂ ಕೊಡ್ತೇನಿ. ನುಂಗಾಕ ಬರೂದಿಲ್ಲಂತ ಕುಟ್ಟಿ ನೀರಾಗ ಕಲಸಿ ಕುಡಸ್ತೇನಿ." ಎಸ್‌ಆರ್ ಗುಳಿಗೆ ನಿಧಾನಕ್ಕೆ ಕರಗಲೆಂದೇ ಮಾಡಿದ್ದು, ಕುಟ್ಟಿದರೆ ಇಡೀ ದಿನದ ಮದ್ದು ಒಂದೇ ಸಲಕ್ಕೆ ಹೊಟ್ಟೆಗೆ. ಊಟ ಏನಮ್ಮಾ? "ಊಟ ಎಲ್ಲೀದ್ರಿ. ಗಂಜಿ ನೀರು, ಮಜ್ಜಿಗಿ. ಗ್ವಾಡಿ ಹಿಡಕೊಂಡು ಬಚ್ಚಲಕ ಹೋಗಿ ಬರ್ತಾರ, ಅಷ್ಟ." ಮಗ ನೆಲ ನೋಡುತ್ತಾ ಕೂತಿದ್ದ. ಬೆಳಗಾವಿಯಲ್ಲಿ ಕೆಲಸಕ್ಕಿರುವವನು, ಆಸ್ಪತ್ರೆಗೆ ಬರುವ ದಿನ ಮಾತ್ರ ಅಪ್ಪನನ್ನು ನೋಡುತ್ತಾನೆ. ನಾವು ಇಷ್ಟು ದಿನ ಹಿಸ್ಟರಿ ತೆಗೆದುಕೊಂಡಿದ್ದು ಇವನ ಹತ್ತಿರ.

ಕಿಡ್ನಿಯ ಟೆಸ್ಟ್ ಕ್ರಿಯಾಟಿನಿನ್ 1.3. ಲ್ಯಾಬ್ ಪ್ರಿಂಟ್‌ನಲ್ಲಿ ಅದು ನಾರ್ಮಲ್ ಮಿತಿಯೊಳಗೇ ಇರುವುದರಿಂದ ಕೆಂಪು ಗುರುತಿಲ್ಲ. ಆದರೆ ಮಾಂಸಖಂಡ ಕರಗಿದ ದೇಹದಲ್ಲಿ ಕ್ರಿಯಾಟಿನಿನ್ ಹುಟ್ಟುವುದೇ ಕಮ್ಮಿ. ಡಾಕ್ಟರ್ ಅಲ್ಲೇ ಕಾಕ್‌ಕ್ರಾಫ್ಟ್-ಗಾಲ್ಟ್ ಹಾಕಿದರು, ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ಅಂದಾಜಿಸುವ ಲೆಕ್ಕ. 140ರಿಂದ ವಯಸ್ಸು ಕಳೆದು, 46 ಕೆಜಿ ತೂಕದಿಂದ ಗುಣಿಸಿ, 72 ಗುಣಿಲೆ 1.3ರಿಂದ ಭಾಗಿಸಿದರೆ ಬಂದಿದ್ದು 31. ಕಿಡ್ನಿ ಅಷ್ಟು ಸೋತಿರುವಾಗ ಗ್ಲಿಮೆಪಿರೈಡ್‌ನ ಪರಿಣಾಮ ಬೇಗ ಇಳಿಯಲ್ಲ, ಡೈಕ್ಲೋಫೆನಾಕ್ ಕಿಡ್ನಿಯನ್ನು ಇನ್ನೂ ಕೆಡಿಸುತ್ತೆ. ಕಾರ್ಬೋ ಡೋಸ್‌ಗೆ ಈ ಲೆಕ್ಕ ಫಾರ್ಮಸಿಯಲ್ಲಿ ಹೇಗೂ ಆಗಿತ್ತು. ಆದರೆ ಅದು ಫಾರ್ಮಸಿ ಶೀಟ್‌ನಲ್ಲೇ ಉಳಿದಿತ್ತು, ಇವರು ಬೇರೆ ಏನೇನು ನುಂಗುತ್ತಾರೆ ಅಂತ ನೋಡುವವರ ಕೈಗೆ ಬರಲಿಲ್ಲ.

ಆಮೇಲೆ ಬೆಡ್‌ಗಾಗಿ ಜಗಳ. ಶುಗರ್ 160ಕ್ಕೆ ಬಂತಲ್ಲ, ಮನೆಗೆ ಕಳಿಸಿ ಅಂತ ಆಡಳಿತದವರು. ಡೇಕೇರ್‌ಗೆ ಸಿಕ್ಕ ಪ್ರಿ-ಆಥ್ (ಖರ್ಚಿಗೆ ಮೊದಲೇ ಪಡೆಯುವ ಮಂಜೂರಾತಿ) ಅಡ್ಮಿಷನ್‌ಗೆ ನಡೆಯಲ್ಲವಂತೆ. ಗ್ಲಿಮೆಪಿರೈಡ್‌ನಿಂದ ಇಳಿದ ಶುಗರ್ ಒಮ್ಮೆ ಏರಿಸಿದರೆ ಅಲ್ಲೇ ನಿಲ್ಲಲ್ಲ, ಮತ್ತೆ ಇಳಿಯುತ್ತೆ ಅಂತ ಡಾಕ್ಟರ್ ಪಟ್ಟು ಹಿಡಿದು ಅಡ್ಮಿಟ್ ಮಾಡಿಸಿದರು. ರಾತ್ರಿ ಮತ್ತೆ ಇಳಿಯಿತು. ಹಳ್ಳಿಯ ಮನೆಯಲ್ಲಿ, ನಿದ್ದೆ ಗುಳಿಗೆ ನುಂಗಿ ಮಲಗಿದವರನ್ನು ಆ ಹೊತ್ತಲ್ಲಿ ಯಾರು ಎಬ್ಬಿಸಿ ನೋಡುತ್ತಿದ್ದರು?

ಮಾರನೇ ದಿನ ವಾರ್ಡ್‌ನಲ್ಲಿ ಜಿ8 ಮಾಡಿದೆ. ವಯಸ್ಸಾದ ಕ್ಯಾನ್ಸರ್ ಪೇಷಂಟ್‌ಗಳಿಗೆಂದೇ ಇರುವ ಎಂಟು ಪ್ರಶ್ನೆಯ ಫಾರ್ಮ್, ಐದು ನಿಮಿಷವೂ ಬೇಡ. ಊಟ, ತೂಕ, ಓಡಾಟ, ಮರೆವು-ಮನಸ್ಸು, ಬಿಎಂಐ, ಮೂರಕ್ಕಿಂತ ಹೆಚ್ಚು ಔಷಧಿ ಇದೆಯಾ, ತನ್ನ ಆರೋಗ್ಯ ಹೇಗಿದೆ ಅಂತ ತಾನೇ ಏನನ್ನುತ್ತಾರೆ, ವಯಸ್ಸು. 17ಕ್ಕೆ 14 ಅಥವಾ ಅದಕ್ಕಿಂತ ಕಮ್ಮಿ ಬಂದರೆ ಪೂರ್ತಿ ಜೀರಿಯಾಟ್ರಿಕ್ ಅಸೆಸ್‌ಮೆಂಟ್ (ಹಿರಿಯರ ಒಟ್ಟಾರೆ ತಪಾಸಣೆ) ಆಗಬೇಕು. ಅಜ್ಜನಿಗೆ ಬಂದಿದ್ದು 5. ಈ ಫಾರ್ಮ್‌ನ ಕಟ್ಟು ನಮ್ಮ ಸ್ಟೇಷನ್ ಡ್ರಾಯರ್‌ನಲ್ಲೇ ಇತ್ತು, ಆಡಿಟ್‌ಗೆಂದು ಜೆರಾಕ್ಸ್ ಮಾಡಿಸಿದ್ದು.

2021ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಗ್ಯಾಪ್70ಪ್ಲಸ್ ಅಧ್ಯಯನವನ್ನು ನಮ್ಮ ಸರ್ ಪ್ರತಿ ಮೀಟಿಂಗ್‌ನಲ್ಲೂ ತೋರಿಸುತ್ತಾರೆ. ಮುಂದುವರಿದ ಕ್ಯಾನ್ಸರ್ ಇರುವ 70 ದಾಟಿದವರು. ಅಸೆಸ್‌ಮೆಂಟ್‌ನ ಸಾರಾಂಶ ಡಾಕ್ಟರ ಕೈಗೆ ಹೋದ ಕಡೆ ತೀವ್ರ ಅಡ್ಡಪರಿಣಾಮ ಶೇ. 51, ಹೋಗದ ಕಡೆ ಶೇ. 71. ಬದುಕುಳಿಯುವುದರಲ್ಲಿ ವ್ಯತ್ಯಾಸ ಆಗಲಿಲ್ಲ. ಮುಂಬೈನ ಟಾಟಾ ಮೆಮೋರಿಯಲ್‌ನಲ್ಲಿ ಹಿರಿಯರಿಗೇ ಪ್ರತ್ಯೇಕ ಕ್ಲಿನಿಕ್ ಇದೆ. ನಾನು ಕೇಳುವುದು ಅಷ್ಟೂ ಅಲ್ಲ. ಬೆಳಿಗ್ಗೆ ಒಬ್ಬ ಸಿಸ್ಟರ್, ಒಂದು ಮೇಜು, ಊರಿಗೆ ಮಾತಾಡಲು ಒಂದು ಫೋನು.

ಅಜ್ಜನದು ಟ್ಯೂಮರ್ ಬೋರ್ಡ್‌ಗೆ (ಎಲ್ಲ ವಿಭಾಗದ ಕ್ಯಾನ್ಸರ್ ಡಾಕ್ಟರುಗಳು ಕೂತು ಚಿಕಿತ್ಸೆ ತೀರ್ಮಾನಿಸುವ ಸಭೆ) ಹೋಯಿತು. ಬೋರ್ಡ್‌ಗೆ ಮುಂಚೆ ಡಾಕ್ಟರ್ ಮಗನನ್ನು ಹೊರಗೆ ಕೂರಿಸಿ ಅಜ್ಜನನ್ನೇ ಕೇಳಿದರು. "ಕರೆಂಟ್ ಇಡ್ರಿ, ಬ್ಯಾಡ ಅನ್ನೂದಿಲ್ಲ. ಈ ಬಾಟಲಿ ಸಾಕ್ರಿ." ಕೀಮೋ ಕೈಬಿಟ್ಟು, ಮೂಗಿನ ನಳಿಗೆಯಲ್ಲಿ ಆಹಾರ ಶುರುಮಾಡಿ, ಕರೆಂಟ್ ಮುಂದುವರಿಸಿದರು. ಶುಗರ್ ಗುಳಿಗೆ ಎರಡನ್ನೂ ನಿಲ್ಲಿಸಿದರು.

ಈಗ ಎಪ್ಪತ್ತರ ಮೇಲಿನ ಯಾರೇ ಬರಲಿ, ಶುಗರ್ ಇಲ್ಲ ಅಂದರೂ ಪ್ರೀಮೆಡ್‌ಗೆ ಮುಂಚೆ ಬೆರಳು ಚುಚ್ಚುತ್ತೇನೆ. ಸ್ಟೋರ್‌ನವರಿಗೆ ಕಾಗದ ಬರೆದುಕೊಡುತ್ತೇನೆ. ಮನೆಯಲ್ಲಿ ಗುಳಿಗೆ ಕೊಡುವವರು ಯಾರೋ ಅವರ ಜೊತೆ ಮಾತಾಡದೆ ಡ್ರಿಪ್ ಹಚ್ಚಲ್ಲ. ಟಿಎಟಿ ಹೆಚ್ಚಾಗಿದೆ, ಫೋನೂ ಹೆಚ್ಚಾಗಿದೆ.

ಇನ್ಸಿಡೆಂಟ್ ರಿಪೋರ್ಟ್ ಹಾಕಿದ್ದಕ್ಕೆ ಐಟಿಯವರು ಡೇಕೇರ್ ಶೀಟ್‌ಗೆ "ಮನೆಯ ಔಷಧಿಗಳನ್ನು ಪರಿಶೀಲಿಸಲಾಗಿದೆ" ಅಂತ ಹೊಸ ಬಾಕ್ಸ್ ಸೇರಿಸಿದ್ದಾರೆ. ಶೀಟ್ ತೆರೆದರೆ ಅದರಲ್ಲಿ ಟಿಕ್ ಮೊದಲೇ ಬಿದ್ದಿರುತ್ತೆ. ತೆಗೆಸಿ ಅಂತ ಟಿಕೆಟ್ ಹಾಕಿದ್ದೇನೆ, ಇನ್ನೂ ಓಪನ್ ಇದೆ.