ಬಿಪಿಗೆ ಯಾವ ರಾಗ ಮೇಡಂ?

ಮ್ಯೂಸಿಕ್ ಥೆರಪಿಸ್ಟ್ ಅಂದ ತಕ್ಷಣ ಜನ ನನ್ನನ್ನು ಕೇಳುವುದು ಇದನ್ನೇ. ಮಾತ್ರೆ ಹೆಸರು ಕೇಳಿದ ಹಾಗೆ. ಮೊದಮೊದಲು ನಗು ಬರುತ್ತಿತ್ತು. ಆದರೆ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಮಾಡಿದ್ದೂ ಅದನ್ನೇ.

ಜಯನಗರದ ಕಡೆ ಒಂದು ರಿಹ್ಯಾಬ್ ಸೆಂಟರ್. ಸ್ಟ್ರೋಕ್ ಆಗಿ ಮಾತು ನಿಂತಿದ್ದ ಒಬ್ಬರು ಬರುತ್ತಿದ್ದರು. ಬಸ್ ಕಂಡಕ್ಟರ್ ಆಗಿದ್ದವರು. ನಾವು ಹೇಳಿದ್ದು ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹೊರಡುತ್ತಿರಲಿಲ್ಲ. ನಾನೋ, ಹದಿನಾಲ್ಕು ವರ್ಷ ಕರ್ನಾಟಕ ಸಂಗೀತ ಕಲಿತವಳು. ಶ್ರುತಿಪೆಟ್ಟಿಗೆ ಹಾಕಿಕೊಂಡು ಮೋಹನ ಹಾಡಿದೆ, ಹಿಂದೋಳ ಹಾಡಿದೆ. ಮೂರು ಸೆಷನ್ನೂ ಅವರು ಸುಮ್ನೆ ಫ್ಯಾನ್ ನೋಡುತ್ತ ಕೂತಿದ್ದರು. ಕೊನೆಗೆ ಅವರ ಹೆಂಡತಿಯೇ ಬಾಯಿಬಿಟ್ಟರು: ‘ಬೇಜಾರು ಮಾಡ್ಕೋಬೇಡಮ್ಮ, ರೇಡಿಯೋದಲ್ಲಿ ಇದು ಬಂದ್ರೆ ಇವ್ರು ಆಫ್ ಮಾಡ್ತಿದ್ರು.’

ಅವರಿಗೆ ಯಾವ ಹಾಡು ಇಷ್ಟ ಅಂತ ನಾನು ಕೇಳಿರಲೇ ಇಲ್ಲ.

ಮುಂದಿನ ಸಲ ಪೆಟ್ಟಿಗೆಯನ್ನು ಬ್ಯಾಗಿನಿಂದ ತೆಗೆಯಲಿಲ್ಲ. ಅವರ ಹಳೇ ರೂಟಿನ ಸ್ಟಾಪುಗಳನ್ನೇ ಕಂಡಕ್ಟರ್ ಧಾಟಿಯಲ್ಲಿ ಹಾಡಿದೆ: ಮೆಜೆಸ್ಟಿಕ್, ಮಲ್ಲೇಶ್ವರ, ಯಶವಂತಪುರ. ಒಂದೊಂದು ಅಕ್ಷರಕ್ಕೂ ಅವರ ಎಡಗೈಯಿಂದ ಮೇಜು ತಟ್ಟಿಸಿದೆ. ಇದೇನು ನಾನು ಕಂಡುಹಿಡಿದದ್ದಲ್ಲ. ಮೆಲೋಡಿಕ್ ಇಂಟೊನೇಶನ್ ಥೆರಪಿ ಅಂತ 1973ರಿಂದ ಇರುವ ವಿಧಾನ. ಹೆಚ್ಚಿನವರಿಗೆ ಮಾತಿನ ಜಾಗ ಮೆದುಳಿನ ಎಡಭಾಗದಲ್ಲಿದೆ. ಅಲ್ಲಿ ಪೆಟ್ಟಾದರೂ ಎಷ್ಟೋ ಜನರಿಗೆ ಹಾಡು ಉಳಿದಿರುತ್ತದೆ. ಎರಡನೇ ವಾರ ನಾನು ‘ಯಶವಂತಪುರ’ ಅಂದು ನಿಲ್ಲಿಸಿದೆ. ‘ರೈಟ್ ರೈಟ್’ ಅಂದರು!

ನಾನು ಕುಣಿದಾಡಿದೆ. ಅಭ್ಯಾಸಬಲದಿಂದ ಬಂದ ಮಾತು, ಮಾತೇ ಬಂತು ಅಂದುಕೊಳ್ಳಬೇಡ ಅಂತ ಸ್ಪೀಚ್ ಥೆರಪಿಸ್ಟ್ ಅಲ್ಲೇ ತಡೆದರು. ಅವರು ಹೇಳಿದ್ದು ನಿಜ. ‘ನೀರು ಬೇಕು’ ಬರಲು ಇನ್ನೂ ಎರಡು ತಿಂಗಳು ಹಿಡಿಯಿತು.

ಆ ಸ್ಪೀಚ್ ಥೆರಪಿಸ್ಟ್ ಹತ್ತಿರವೇ ನೋಟ್ಸ್ ಬರೆಯುವುದನ್ನೂ ಕಲಿತೆ. ಮೊದಲು ‘ಚೆನ್ನಾಗಿ ಸ್ಪಂದಿಸಿದರು’ ಅಂತ ಬರೆದಿಡುತ್ತಿದ್ದೆ. ಡಾಕ್ಟರು ಅದನ್ನು ಓದುತ್ತಲೇ ಇರಲಿಲ್ಲ. ಈಗ ‘10 ಸಲದಲ್ಲಿ 4 ಸಲ ಪದ ಪೂರ್ತಿ ಮಾಡಿದರು’ ಅಂತ ಬರೆಯುತ್ತೇನೆ. ಓದುತ್ತಾರೆ, ಮೇಲೆ ಪ್ರಶ್ನೆಯನ್ನೂ ಕೇಳುತ್ತಾರೆ.

ದುಡ್ಡಿನ ಕಥೆ ಬೇರೆ. ಅಮೆರಿಕದಲ್ಲಿ ಈ ಕೆಲಸಕ್ಕೆ ಡಿಗ್ರಿ, 1,200 ಗಂಟೆ ತರಬೇತಿ, ಆಮೇಲೆ ಬೋರ್ಡ್ ಪರೀಕ್ಷೆ ಇದೆ. ನಮ್ಮಲ್ಲಿ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಯಲ್ಲಿ ಸ್ಪೀಚ್ ಥೆರಪಿಸ್ಟ್ ಇದ್ದಾರೆ, ನಾವಿಲ್ಲ. ಹಾಗಾಗಿ ಎರಡು ದಿನದ ವರ್ಕ್‌ಶಾಪ್ ಮುಗಿಸಿದವರೂ ‘ಮ್ಯೂಸಿಕ್ ಥೆರಪಿಸ್ಟ್’ ಅಂತ ಬೋರ್ಡ್ ಹಾಕಿಕೊಳ್ಳಬಹುದು. ಸೆಂಟರಿನ ಬಿಲ್ಲಿನಲ್ಲಿ ನನ್ನ ಸೆಷನ್ ಇವತ್ತಿಗೂ ‘ಹವ್ಯಾಸ ತರಗತಿ’. ಬದಲಾಯಿಸಿ ಅಂತ ಎರಡು ಸಲ ಪತ್ರ ಕೊಟ್ಟಿದ್ದೇನೆ. ಅಲ್ಲಿಯವರೆಗೆ ವಾರಕ್ಕೆ ನಾಲ್ಕು ಸಂಜೆ ಮಕ್ಕಳಿಗೆ ಸರಳೆ, ಜಂಟಿವರಸೆ ಹೇಳಿಕೊಡುತ್ತೇನೆ. ಮನೆ ಬಾಡಿಗೆ ಕಟ್ಟುವುದು ಅದರಿಂದಲೇ.